ಅಗ್ಗದ ಅಂಗಡಿಯ ಇಂಜಿನ್ ಆಯಿಲ್ ಕಳಪೆಯೇ?



ಈಗ ಹಳ್ಳಿಹಳ್ಳಿಗೂ ಗಾಡಿ ಬಂದಿದೆ. ಕೆಲವರ ಮನೆಯಲ್ಲಿ ಮೊಪೆಡ್ ಇದೆ. ಕೆಲವರ ಮನೆಯಲ್ಲಿ ಬೈಕ್ ಇದೆ. ಹೆಣ್ಣುಮಕ್ಕಳು ಸ್ಕೂಟರ್ ಓಡಿಸುತ್ತಾರೆ. ಡೇರಿಗೆ ಹಾಲು ಹಾಕಲು ಗಾಡಿ ಬೇಕು. ಹೂವು, ಸೊಪ್ಪು ಸಂತೆಗೆ ಒಯ್ಯಲು ಗಾಡಿ ಬೇಕು. ಗಾಡಿ ನಿಂತರೆ ಅವತ್ತಿನ ದುಡಿಮೆಯೂ ನಿಂತ ಹಾಗೆ.

ಗಾಡಿಗೆ ಪೆಟ್ರೋಲ್ ಹಾಕಬೇಕು. ಇದು ಎಲ್ಲರಿಗೂ ಗೊತ್ತು. ಇಂಜಿನ್ ಆಯಿಲ್ ಕೂಡ ಹಾಕಬೇಕು. ಆಗಾಗ ಹಳೆಯದನ್ನು ತೆಗೆದು ಹೊಸದನ್ನು ತುಂಬಿಸಬೇಕು. ಇದಕ್ಕೆ ಆಯಿಲ್ ಚೇಂಜ್ ಅನ್ನುತ್ತಾರೆ.

ಈ ಆಯಿಲ್ ಬಹಳ ಕಡೆ ಸಿಗುತ್ತದೆ. ಷೋರೂಮಿನಲ್ಲಿ ಸಿಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಪಟ್ಟಣದ ದೊಡ್ಡ ರಿಯಾಯಿತಿ ಅಂಗಡಿಯಲ್ಲೂ ಸಿಗುತ್ತದೆ. ಕಂಪನಿ ಹೆಸರು ಒಂದೇ. ಬೆಲೆ ಮಾತ್ರ ಬೇರೆ ಬೇರೆ.

ಆಗ ಮಾತು ಹುಟ್ಟುತ್ತದೆ.

"ಕಡಿಮೆಗೆ ಕೊಡ್ತಾರೆ ಅಂದ್ರೆ ಏನೋ ಮೋಸ ಇರಬೇಕು ಕಣಕ್ಕ."

"ಕಂಪನಿಯೋರೇ ಅಗ್ಗದ ಅಂಗಡಿಗೆ ಅಂತ ಬೇರೆ ಆಯಿಲ್ ಮಾಡ್ತಾರಂತೆ. ಡಬ್ಬಿ ಒಂದೇ, ಒಳಗಿನ ಮಾಲು ಬೇರೆಯಂತೆ."

ಇದು ನಿಜವೇ? ಬನ್ನಿ, ವಿಚಾರ ಮಾಡೋಣ.

ಇಂಜಿನ್ ಆಯಿಲ್ ಯಾಕೆ ಬೇಕು?

ಬಾವಿಯ ರಾಟೆಗೆ ಎಣ್ಣೆ ಬಿಡದಿದ್ದರೆ ಏನಾಗುತ್ತದೆ? ಕಿರ್ ಕಿರ್ ಅನ್ನುತ್ತದೆ. ಬೇಗ ಸವೆಯುತ್ತದೆ. ಇಂಜಿನ್ನೂ ಹಾಗೆಯೇ. ಇಂಜಿನ್ ಒಳಗೆ ಪಿಸ್ಟನ್ ಎಂಬ ಭಾಗ ಇದೆ. ಗಾಡಿ ಓಡುವಾಗ ಅದು ಒಂದು ನಿಮಿಷಕ್ಕೆ ಸಾವಿರಾರು ಸಲ ಏರಿ ಇಳಿಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬಿಸಿ ಏರುತ್ತದೆ. ಸವೆತ ಬರುತ್ತದೆ.

ಆಯಿಲ್ ಮಧ್ಯೆ ತೆಳುವಾದ ಪದರದಂತೆ ನಿಲ್ಲುತ್ತದೆ. ಒಂದಕ್ಕೊಂದು ಉಜ್ಜದಂತೆ ನೋಡಿಕೊಳ್ಳುತ್ತದೆ. ಬಿಸಿಯನ್ನು ಹೀರಿ ಹೊರಗೆ ಸಾಗಿಸುತ್ತದೆ. ಮಸಿಯನ್ನು ತೊಳೆಯುತ್ತದೆ. ತುಕ್ಕು ಹಿಡಿಯದಂತೆ ಕಾಯುತ್ತದೆ.

ಆಯಿಲ್ ಕೆಟ್ಟದ್ದಾದರೆ ಇಂಜಿನ್ ಬೇಗ ಸವೆಯುತ್ತದೆ. ಹೊಗೆ ಉಗುಳುತ್ತದೆ. ಒಂದು ದಿನ ಇಂಜಿನ್ ಸೀಜ್ ಆಗುತ್ತದೆ, ಅಂದರೆ ಹಿಡಿದುಕೊಂಡು ನಿಲ್ಲುತ್ತದೆ. ಆಮೇಲೆ ಬೋರು ಮಾಡಿಸಬೇಕು. ಅದಕ್ಕೆ ಸಾವಿರಾರು ರೂಪಾಯಿ ಬೇಕು. ಆಯಿಲಿನಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಿ ಸಾವಿರಾರು ಕಳೆದುಕೊಂಡ ಹಾಗಾಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆ ಇದೆಯಲ್ಲ, ಹಾಗೆ.

ಆಯಿಲ್ ಹೇಗೆ ತಯಾರಾಗುತ್ತದೆ?

ಭೂಮಿಯ ಒಳಗಿಂದ ಕಚ್ಚಾ ತೈಲ ತೆಗೆಯುತ್ತಾರೆ. ಅದನ್ನು ದೊಡ್ಡ ಕಾರ್ಖಾನೆಯಲ್ಲಿ ಶುದ್ಧ ಮಾಡುತ್ತಾರೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಅದರಿಂದಲೇ ಬರುತ್ತವೆ. ಇಂಜಿನ್ ಆಯಿಲಿಗೆ ಬೇಕಾದ ಮೂಲ ಎಣ್ಣೆಯೂ ಅದರಿಂದಲೇ ಬರುತ್ತದೆ. ನಮ್ಮ ದೇಶದಲ್ಲಿ ಚೆನ್ನೈ, ಮುಂಬೈ, ಹಲ್ದಿಯಾದ ಕಾರ್ಖಾನೆಗಳಲ್ಲಿ ಈ ಮೂಲ ಎಣ್ಣೆ ತಯಾರಾಗುತ್ತದೆ.

ಬರೀ ಮೂಲ ಎಣ್ಣೆ ಸಾಲದು. ಅದಕ್ಕೆ ಕೆಲವು ರಾಸಾಯನಿಕ ಬೆರೆಸುತ್ತಾರೆ. ಒಂದು ಮಸಿ ತೊಳೆಯಲು. ಒಂದು ಸವೆತ ತಡೆಯಲು. ಒಂದು ನೊರೆ ಬಾರದಿರಲು. ಸಾರಿಗೆ ಬೇಳೆ ಮುಖ್ಯ. ಆದರೆ ಉಪ್ಪು, ಹುಳಿ, ಖಾರ ಇಲ್ಲದೆ ಅದು ಸಾರು ಅನ್ನಿಸುವುದಿಲ್ಲ. ಇಲ್ಲೂ ಹಾಗೆಯೇ. ಯಾವ ಮೂಲ ಎಣ್ಣೆ, ಎಷ್ಟು ರಾಸಾಯನಿಕ ಎಂಬುದರ ಮೇಲೆ ಆಯಿಲಿನ ಗುಣ ನಿಂತಿದೆ.

ಹಾಗಾದರೆ ಬೆಲೆ ಯಾಕೆ ಬೇರೆ?

ದೊಡ್ಡ ಅಂಗಡಿಯವರು ಒಟ್ಟಿಗೆ ನೂರಾರು ಪೆಟ್ಟಿಗೆ ಕೊಳ್ಳುತ್ತಾರೆ. ಹೆಚ್ಚು ಕೊಂಡವರಿಗೆ ಕಡಿಮೆ ಬೆಲೆಗೆ ಸಿಗುತ್ತದೆ. ಸಂತೆಯಲ್ಲಿ ಒಂದು ಮೂಟೆ ಈರುಳ್ಳಿ ಕೊಂಡರೆ ಕಿಲೋ ಲೆಕ್ಕಕ್ಕಿಂತ ಅಗ್ಗ ಅಲ್ಲವೇ? ಹಾಗೆ. ಒಂದೊಂದು ಡಬ್ಬಿಗೆ ಅವರು ಕಡಿಮೆ ಲಾಭ ಇಟ್ಟುಕೊಳ್ಳುತ್ತಾರೆ. ಹೆಚ್ಚು ಡಬ್ಬಿ ಮಾರುತ್ತಾರೆ.

ಡಬ್ಬಿಯ ಮೇಲೆ ಎಂ.ಆರ್.ಪಿ. ಎಂದು ಬರೆದಿರುತ್ತದೆ. ಅದು ಗರಿಷ್ಠ ಮಾರಾಟ ಬೆಲೆ. ಎಲ್ಲ ತೆರಿಗೆ ಸೇರಿದ ಬೆಲೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಕಡಿಮೆಗೆ ಮಾರಬಹುದು. ಕಡಿಮೆಗೆ ಮಾರಿದರೆ ಅದು ತಪ್ಪಲ್ಲ.

ಷೋರೂಮಿನಲ್ಲಿ ಆಯಿಲಿನ ಬೆಲೆಯ ಜೊತೆಗೆ ಕೆಲಸದ ಕೂಲಿಯೂ ಬಿಲ್ಲಿಗೆ ಸೇರುತ್ತದೆ. ಆಗ ಒಟ್ಟು ಹಣ ಹೆಚ್ಚು ಕಾಣುತ್ತದೆ. ಆಯಿಲಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಓದಬೇಕು.

ಆದ್ದರಿಂದ ಬೆಲೆ ಸ್ವಲ್ಪ ಕಡಿಮೆ ಇದ್ದ ಮಾತ್ರಕ್ಕೆ ಮಾಲು ಕಳಪೆ ಎನ್ನಲಾಗದು.

ಹೆಸರು ಒಂದೇ, ದರ್ಜೆ ಹಲವು

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಗಮನವಿಟ್ಟು ಓದಿ.

ಸರ್ವೋ ಎಂಬುದು ಇಂಡಿಯನ್ ಆಯಿಲ್ ಕಂಪನಿಯ ಹೆಸರು. ಮ್ಯಾಕ್ ಎಂಬುದು ಭಾರತ್ ಪೆಟ್ರೋಲಿಯಂ ಕಂಪನಿಯದು. ಕ್ಯಾಸ್ಟ್ರಾಲ್, ಗಲ್ಫ್ ಮುಂತಾದ ಹೆಸರುಗಳೂ ಇವೆ. ಇಂಥ ಒಂದೊಂದು ಹೆಸರಿನಲ್ಲೂ ಹತ್ತಾರು ಬಗೆಯ ಆಯಿಲ್ ಇರುತ್ತದೆ. ಬೈಕಿಗೆ ಒಂದು, ಸ್ಕೂಟರಿಗೆ ಒಂದು, ಕಾರಿಗೆ ಒಂದು, ಟ್ರ್ಯಾಕ್ಟರಿಗೆ ಒಂದು. ಬೈಕಿನ ಆಯಿಲಿನಲ್ಲೇ ಸಾಧಾರಣ ದರ್ಜೆ ಇದೆ. ದುಬಾರಿಯಾದ ಸಿಂಥೆಟಿಕ್ ದರ್ಜೆಯೂ ಇದೆ.

ಅಕ್ಕಿಯಲ್ಲಿ ಸೋನಾ ಮಸೂರಿ ಬೇರೆ, ದಪ್ಪಕ್ಕಿ ಬೇರೆ. ಒಂದೇ ಅಂಗಡಿಯವರು ಎರಡನ್ನೂ ಮಾರುತ್ತಾರೆ. ಆಯಿಲೂ ಹಾಗೆಯೇ. ಅಗ್ಗದ ಅಂಗಡಿಯಲ್ಲಿ ಇಟ್ಟಿರುವುದು ಸಾಧಾರಣ ದರ್ಜೆ ಇರಬಹುದು. ಷೋರೂಮಿನಲ್ಲಿ ಹಾಕುವುದು ಮೇಲಿನ ದರ್ಜೆ ಇರಬಹುದು. ಕಂಪನಿ ಹೆಸರು ಒಂದೇ ಇರುವುದರಿಂದ ನಾವು ಎರಡೂ ಒಂದೇ ಅಂದುಕೊಳ್ಳುತ್ತೇವೆ. ಹೆಸರು ನೋಡಿದರೆ ಸಾಲದು. ದರ್ಜೆಯನ್ನೂ ಓದಬೇಕು.

ಹೆಸರು, ದರ್ಜೆ, ಅಂಕಿ ಎಲ್ಲವೂ ಒಂದೇ ಆಗಿದ್ದರೆ ಒಳಗಿನ ಆಯಿಲೂ ಅದೇ ದರ್ಜೆಯದು ಇರಲೇಬೇಕು. ಮೇಲೆ ಒಂದು ಬರೆದು ಒಳಗೆ ಇನ್ನೊಂದು ತುಂಬಿದರೆ ಅದು ಕಾನೂನಿನ ಪ್ರಕಾರ ಅಪರಾಧ. ಅಂಗಡಿ ದೊಡ್ಡದಿರಲಿ, ಚಿಕ್ಕದಿರಲಿ, ಈ ಮಾತು ಎಲ್ಲರಿಗೂ ಒಂದೇ.

ಡಬ್ಬಿಯ ಮೇಲಿನ ಅಕ್ಷರ, ಅಂಕಿ

ಡಬ್ಬಿಯ ಮೇಲೆ ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಇರುತ್ತದೆ. ಹೆದರಬೇಡಿ. ಗಾಡಿ ಕೊಂಡಾಗ ಒಂದು ಪುಸ್ತಕ ಕೊಟ್ಟಿರುತ್ತಾರೆ. ಯಾವ ಆಯಿಲ್ ಹಾಕಬೇಕು ಎಂದು ಅದರಲ್ಲಿ ಬರೆದಿದೆ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಚೀಟಿ ಜೊತೆಗಿರಲಿ. ಚೀಟಿಯ ಅಕ್ಷರವನ್ನೂ ಡಬ್ಬಿಯ ಅಕ್ಷರವನ್ನೂ ಒಂದೊಂದಾಗಿ ಹೋಲಿಸಿ ನೋಡಿ. ಸೀರೆಗೆ ರವಿಕೆ ಬಟ್ಟೆ ಹೊಂದಿಸಿ ನೋಡುವುದಿಲ್ಲವೇ? ಹಾಗೆ.

ಮೂರು ಸಂಗತಿ ನೋಡಬೇಕು.

ಒಂದು, ಎಸ್.ಎ.ಇ. ಅಂಕಿ. 10ಡಬ್ಲ್ಯೂ-30 ಎಂದೋ 20ಡಬ್ಲ್ಯೂ-40 ಎಂದೋ ಇರುತ್ತದೆ. ಇದು ಆಯಿಲಿನ ಮಂದ ಎಷ್ಟು ಎಂದು ಹೇಳುತ್ತದೆ. ಮೊದಲ ಅಂಕಿ ಚಳಿಯಲ್ಲಿ ಹೇಗಿರುತ್ತದೆ ಎಂಬುದಕ್ಕೆ. ಎರಡನೆಯ ಅಂಕಿ ಇಂಜಿನ್ ಬಿಸಿಯಾದಾಗ ಹೇಗಿರುತ್ತದೆ ಎಂಬುದಕ್ಕೆ. ಅಂಕಿ ದೊಡ್ಡದಾದರೆ ಆಯಿಲ್ ಮಂದ. ಅಂಕಿ ದೊಡ್ಡದಾದ ಮಾತ್ರಕ್ಕೆ ಗುಣ ಹೆಚ್ಚು ಎಂದಲ್ಲ. ನಿಮ್ಮ ಗಾಡಿಗೆ ಹೇಳಿದ ಅಂಕಿಯೇ ಸರಿ.

ಎರಡು, ಎ.ಪಿ.ಐ. ದರ್ಜೆ. ಪೆಟ್ರೋಲ್ ಇಂಜಿನಿಗೆ 'ಎಸ್' ಅಕ್ಷರದಿಂದ ಶುರುವಾಗುತ್ತದೆ. ಎಸ್ಎಲ್, ಎಸ್ಎಂ, ಎಸ್ಎನ್, ಎಸ್‌ಪಿ ಹೀಗೆ. ಎರಡನೆಯ ಅಕ್ಷರ ಮುಂದೆ ಮುಂದೆ ಹೋದಷ್ಟೂ ದರ್ಜೆ ಹೊಸದು. ಎಸ್ಎನ್ ದರ್ಜೆ 2010ರಲ್ಲಿ ಬಂತು. ಎಸ್‌ಪಿ ದರ್ಜೆ 2020ರಲ್ಲಿ ಬಂತು. ಎಸ್ಎ ಎಂಬುದು ತೀರಾ ಹಳೆಯದು.

ಮೂರು, ಜಾಸೋ ದರ್ಜೆ. ಇದು ಜಪಾನಿನ ಪದ್ಧತಿ. ಬೈಕಿಗೆ ಎಂಎ ಅಥವಾ ಎಂಎ2. ಸ್ಕೂಟರಿಗೆ ಸಾಮಾನ್ಯವಾಗಿ ಎಂಬಿ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ. ಹೆಚ್ಚು ಜಾರುವ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಹಾಗಾಗಿ ಕಾರಿನ ಆಯಿಲ್ ಚೆನ್ನಾಗಿದೆ ಅಂತ ಬೈಕಿಗೆ ಹಾಕಬಾರದು. ಒಳ್ಳೆಯ ಆಯಿಲ್ ಆದರೂ ತಪ್ಪು ಗಾಡಿಗೆ ಹಾಕಿದರೆ ಕೆಡುಕೇ.

ಅಮೆರಿಕದಲ್ಲಿ ನಡೆದದ್ದು

ಅಗ್ಗದ ಅಂಗಡಿಯ ಆಯಿಲಿನ ಬಗ್ಗೆ ಅಮೆರಿಕ ದೇಶದಲ್ಲಿ ದೊಡ್ಡ ವ್ಯಾಜ್ಯ ನಡೆಯಿತು. ಅಲ್ಲಿ ಡಾಲರ್ ಜನರಲ್ ಎಂಬ ಅಂಗಡಿಗಳಿವೆ. ಊರೂರಿಗೂ ಇವೆ. ಕಡಿಮೆ ಆದಾಯದ ಜನ ಅಲ್ಲಿ ಹೆಚ್ಚು ಕೊಳ್ಳುತ್ತಾರೆ.

ಆ ಅಂಗಡಿಯವರು ಹೆಸರಾಂತ ಕಂಪನಿಗಳ ಆಯಿಲ್ ಮಾರುತ್ತಿದ್ದರು. ಪಕ್ಕದಲ್ಲೇ ತಮ್ಮ ಸ್ವಂತ ಹೆಸರಿನ ಆಯಿಲನ್ನೂ ಇಟ್ಟಿದ್ದರು. ಅದರ ಬೆಲೆ ಕಡಿಮೆ. ಡಬ್ಬಿಯ ಮುಂದೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬೇರೆ ಮಾತು ಇತ್ತು. ಒಂದು ಬಗೆಯ ಆಯಿಲ್ 1930ರ ನಂತರ ತಯಾರಾದ ಹೆಚ್ಚಿನ ಗಾಡಿಗಳಿಗೆ ಆಗದು ಎಂದಿತ್ತು. ಇನ್ನೆರಡು ಬಗೆ 1988ರ ನಂತರದ ಹೆಚ್ಚಿನ ಗಾಡಿಗಳಿಗೆ ಆಗದು ಎಂದಿತ್ತು.

ಯೋಚಿಸಿ. ಈಗ ರಸ್ತೆಯಲ್ಲಿ 1930ರ ಕಾರು ಎಷ್ಟಿವೆ? ಜನ ಸಣ್ಣ ಅಕ್ಷರ ಓದದೆ ಕೊಂಡರು. ತಮ್ಮ ಹೊಸ ಕಾರಿಗೆ ಹಾಕಿದರು. ಆಮೇಲೆ ಹಲವು ರಾಜ್ಯಗಳ ಗ್ರಾಹಕರು ಕೋರ್ಟಿಗೆ ಹೋದರು. 2021ರಲ್ಲಿ ರಾಜಿ ಆಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೂ ಸುಮಾರು 2 ಕೋಟಿ 85 ಲಕ್ಷ ಡಾಲರ್ ಕೊಡಲು ಒಪ್ಪಿತು.

ಈ ಸಂಗತಿಯಿಂದ ಏನು ತಿಳಿಯುತ್ತದೆ? ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ಕಳಪೆ ಆಯಿಲ್ ತುಂಬಿದ ವಿಷಯ ಅದಲ್ಲ. ಪಕ್ಕದಲ್ಲಿಟ್ಟ ಇನ್ನೊಂದು ಡಬ್ಬಿಯ ವಿಷಯ. ದರ್ಜೆ ಹಳೆಯದಾಗಿತ್ತು. ಅದು ಡಬ್ಬಿಯ ಮೇಲೆ ಬರೆದೂ ಇತ್ತು. ಓದಿದವರು ಉಳಿದರು. ಓದದವರು ನಷ್ಟಪಟ್ಟರು. ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಬೇಕು ಎಂಬುದು ನಮಗೂ ಪಾಠ.

ನಮ್ಮಲ್ಲಿ ನಿಜವಾದ ಅಪಾಯ ಯಾವುದು?

ನಮ್ಮಲ್ಲಿ ಹೆಚ್ಚು ಹೆದರಬೇಕಾದ್ದು ಡ್ಯೂಪ್ಲಿಕೇಟ್ ಮಾಲಿಗೆ. ಮೋಸಗಾರರು ಖಾಲಿ ಡಬ್ಬಿ ಕೊಳ್ಳುತ್ತಾರೆ. ಅದಕ್ಕೆ ಕಳಪೆ ಎಣ್ಣೆ ತುಂಬುತ್ತಾರೆ. ಕೆಲವರು ಹಳೆಯ ಕರಿ ಆಯಿಲನ್ನೇ ಸೋಸಿ, ಬಣ್ಣ ಹಾಕಿ ತುಂಬುತ್ತಾರೆ. ಹೊಸ ಮುಚ್ಚಳ ಹಾಕಿ ಮಾರುತ್ತಾರೆ. ದೇಶದ ಹಲವು ಊರುಗಳಲ್ಲಿ ಪೊಲೀಸರು ಇಂಥ ಮಾಲು ಹಿಡಿದಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಡಬ್ಬಿ ಹೊಳೆಯುವುದೆಲ್ಲ ಅಸಲಿ ಅಲ್ಲ.

ಬಣ್ಣ ನೋಡಿ ಆಯಿಲಿನ ಗುಣ ಹೇಳಲಾಗದು. ಬೆರಳಲ್ಲಿ ಉಜ್ಜಿ ನೋಡಿಯೂ ಹೇಳಲಾಗದು. ಅದಕ್ಕೆ ಪ್ರಯೋಗಶಾಲೆ ಬೇಕು. ಆದರೆ ಡಬ್ಬಿ ನೋಡಿ ಎಷ್ಟೋ ತಿಳಿಯಬಹುದು.

ಮುಚ್ಚಳದ ಸೀಲ್ ಒಡೆದಿದೆಯೇ? ಚೀಟಿ ಸೊಟ್ಟಗೆ ಅಂಟಿಸಿದೆಯೇ? ಅಕ್ಷರ ಮಸುಕಾಗಿದೆಯೇ? ಬ್ಯಾಚ್ ನಂಬರ್ ಇಲ್ಲವೇ? ಹೀಗಿದ್ದರೆ ಕೊಳ್ಳಬೇಡಿ.

ಬೆಲೆ ಐದು, ಹತ್ತು ಪರ್ಸೆಂಟ್ ಕಡಿಮೆ ಇದ್ದರೆ ಅದು ರಿಯಾಯಿತಿ. ಅರ್ಧ ಬೆಲೆಗೆ ಕೊಡುತ್ತೇನೆ, ಬಿಲ್ ಮಾತ್ರ ಕೇಳಬೇಡಿ ಅಂದರೆ ಅನುಮಾನ ಪಡಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬಿಲ್ ಇದ್ದರೆ ಮುಂದೆ ಕೇಳಲು ಆಧಾರ ಇರುತ್ತದೆ.

ಕಾನೂನು ಏನು ಹೇಳುತ್ತದೆ?

ಪೊಟ್ಟಣ ಮಾಡಿದ ಮಾಲಿಗೆ 2011ರ ನಿಯಮ ಇದೆ. ಅದರ ಪ್ರಕಾರ ಡಬ್ಬಿಯ ಮೇಲೆ ಕೆಲವು ವಿಷಯ ಬರೆದಿರಲೇಬೇಕು. ತಯಾರಿಸಿದವರ ಹೆಸರು ಮತ್ತು ವಿಳಾಸ. ಒಳಗೆ ಎಷ್ಟು ಆಯಿಲ್ ಇದೆ ಎಂಬುದು. ತಯಾರಾದ ತಿಂಗಳು ಮತ್ತು ವರ್ಷ. ಎಂ.ಆರ್.ಪಿ. ದೂರು ಹೇಳಲು ಫೋನ್ ನಂಬರ್. ಇವುಗಳನ್ನು ಒಂದೊಂದಾಗಿ ಓದಿ. ಓದು ಕಲಿತದ್ದಕ್ಕೆ ಇದು ಒಳ್ಳೆಯ ಉಪಯೋಗ.

ಒಂದು ಲೆಕ್ಕ ಮಾಡೋಣ

ಆಯಿಲ್ ಡಬ್ಬಿ ಒಂದೇ ಅಳತೆಯಲ್ಲಿ ಬರುವುದಿಲ್ಲ. 800 ಮಿಲಿಲೀಟರ್ ಇದೆ. 900 ಮಿಲಿಲೀಟರ್ ಇದೆ. 1 ಲೀಟರ್ ಇದೆ. ನೋಡಲು ಎಲ್ಲ ಒಂದೇ ಗಾತ್ರ ಕಾಣಬಹುದು.

ಲೆಕ್ಕಕ್ಕಾಗಿ ಹೀಗೆ ತಿಳಿಯಿರಿ. ಒಂದು ಅಂಗಡಿಯಲ್ಲಿ 900 ಮಿ.ಲೀ. ಡಬ್ಬಿಗೆ 360 ರೂಪಾಯಿ. ಇನ್ನೊಂದು ಅಂಗಡಿಯಲ್ಲಿ 1 ಲೀಟರ್ ಡಬ್ಬಿಗೆ 380 ರೂಪಾಯಿ. ಯಾವುದು ಅಗ್ಗ?

360 ರೂಪಾಯಿಯದ್ದೇ ಅಗ್ಗ ಅನ್ನಿಸುತ್ತದೆ. ನೂರು ಮಿ.ಲೀ.ಗೆ ಎಷ್ಟು ನೋಡೋಣ.

360 ರೂಪಾಯಿಯನ್ನು 9 ಭಾಗ ಮಾಡಿದರೆ 40 ರೂಪಾಯಿ.
380 ರೂಪಾಯಿಯನ್ನು 10 ಭಾಗ ಮಾಡಿದರೆ 38 ರೂಪಾಯಿ.

ಅಂದರೆ 1 ಲೀಟರ್ ಡಬ್ಬಿಯೇ ಅಗ್ಗ. ಈಗ ಪೊಟ್ಟಣದ ಮೇಲೆ ಮಿಲಿಲೀಟರ್ ಅಥವಾ ಲೀಟರ್ ಲೆಕ್ಕದ ಬೆಲೆಯನ್ನೂ ಅಚ್ಚು ಹಾಕಬೇಕು ಎಂಬ ನಿಯಮ ಬಂದಿದೆ. ಅದನ್ನು ನೋಡಿದರೂ ಸಾಕು.

ಇನ್ನೊಂದು ಮಾತು. ನಿಮ್ಮ ಗಾಡಿಗೆ ಎಷ್ಟು ಆಯಿಲ್ ಹಿಡಿಸುತ್ತದೆ ಎಂದು ಪುಸ್ತಕದಲ್ಲಿ ನೋಡಿ. 800 ಮಿ.ಲೀ. ಸಾಕಾದರೆ 800ರ ಡಬ್ಬಿಯೇ ಲೇಸು. ಹೆಚ್ಚು ಇದೆಯೆಂದು ಪೂರಾ ಸುರಿಯಬಾರದು. ಅಳತೆ ಮೀರಿದರೂ ಇಂಜಿನಿಗೆ ಕೆಡುಕು.

ಗ್ಯಾರೇಜಿನಲ್ಲಿ ಏನು ಮಾಡಬೇಕು?

ಡಬ್ಬಿಯ ಸೀಲನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ. ಸುರಿಯುವುದನ್ನು ನಿಂತು ನೋಡಿ. ಮೆಕ್ಯಾನಿಕ್ ಬೇಸರ ಮಾಡಿಕೊಂಡಾನು ಅಂತ ಸಂಕೋಚ ಬೇಡ. "ಅಣ್ಣ, ನನ್ನೆದುರಿಗೇ ತೆಗೀರಿ" ಅಂದರೆ ಸಾಕು. ಹಣ ನಮ್ಮದು, ಗಾಡಿ ನಮ್ಮದು.

ಖಾಲಿ ಡಬ್ಬಿಗೆ ತೂತು ಮಾಡಿ ಅಥವಾ ಕತ್ತರಿಸಿ. ಮುಚ್ಚಳವನ್ನೂ ಹಾಳು ಮಾಡಿ. ಆಗ ಮೋಸಗಾರರ ಕೈಗೆ ಅದು ಸಿಗುವುದಿಲ್ಲ. ಇನ್ನೊಬ್ಬಳು ಅಕ್ಕ ಮೋಸ ಹೋಗುವುದು ತಪ್ಪುತ್ತದೆ.

ಆಯಿಲ್ ಹಾಕಿದ ಕೆಲವು ದಿನಕ್ಕೆ ಕಪ್ಪಾಗಬಹುದು. ಗಾಬರಿ ಬೇಡ. ಆಯಿಲ್ ಮಸಿ ತೊಳೆಯುತ್ತಿದೆ ಎಂದು ಅರ್ಥ. ಬಟ್ಟೆ ಒಗೆದ ನೀರು ಕೊಳೆಯಾಗುವ ಹಾಗೆ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಆದಾಗ ತಪ್ಪದೆ ಬದಲಿಸಿ.

ಹಳೆಯ ಆಯಿಲನ್ನು ಚರಂಡಿಗೆ ಸುರಿಯಬಾರದು. ಬಾವಿ, ಕೆರೆಯ ನೀರು ಕೆಡುತ್ತದೆ. ದನದ ಗಾಯಕ್ಕೂ ಹಚ್ಚಬಾರದು, ನಮ್ಮ ಮೈಗೂ ತಾಗಿಸಬಾರದು. ಅದರಲ್ಲಿ ವಿಷದ ಅಂಶ ಇರುತ್ತದೆ. ಗ್ಯಾರೇಜಿನಲ್ಲೇ ಬಿಡಿ. ಅದನ್ನು ಪರವಾನಗಿ ಇರುವ ಕಾರ್ಖಾನೆಗೆ ಕಳಿಸಬೇಕು ಎಂದು ನಿಯಮ ಇದೆ.

ಮೋಸ ಹೋದರೆ?

ಸುಮ್ಮನೆ ಕೂರಬೇಡಿ. ಡಬ್ಬಿ ಮತ್ತು ಬಿಲ್ ಜೋಪಾನ ಮಾಡಿ. ಮೊದಲು ಅಂಗಡಿಯವರನ್ನು ಕೇಳಿ. ಡಬ್ಬಿಯ ಮೇಲಿನ ಕಂಪನಿ ನಂಬರಿಗೆ ಫೋನ್ ಮಾಡಿ. 1915 ಎಂಬುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಹೇಳಬಹುದು. ಕನ್ನಡದಲ್ಲೇ ಮಾತಾಡಬಹುದು.

ಅಳತೆ ಕಡಿಮೆ ಇದ್ದರೆ, ಎಂ.ಆರ್.ಪಿ.ಗಿಂತ ಹೆಚ್ಚು ಕಿತ್ತರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ತೂಕ ಮತ್ತು ಅಳತೆ ಇಲಾಖೆ ಎಂದು ಜನ ಕರೆಯುವುದು ಇದನ್ನೇ.

ನಷ್ಟ ಆಗಿದ್ದರೆ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಈ ಹಕ್ಕು ಕೊಟ್ಟಿದೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ಕೊಂಡ ಮಾಲಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ.

ನೆನಪಿಡಿ

ಅಗ್ಗದ ಅಂಗಡಿ ಎಂದ ಮಾತ್ರಕ್ಕೆ ಆಯಿಲ್ ಕಳಪೆ ಅಲ್ಲ.
ದುಬಾರಿ ಎಂದ ಮಾತ್ರಕ್ಕೆ ಅದು ನಮ್ಮ ಗಾಡಿಗೆ ಸರಿ ಎಂದೂ ಅಲ್ಲ.
ಕಂಪನಿ ಹೆಸರಿನ ಜೊತೆ ದರ್ಜೆ, ಅಂಕಿ, ಅಳತೆ ಓದಬೇಕು.
ಸೀಲ್ ನೋಡಬೇಕು. ಬಿಲ್ ಕೇಳಬೇಕು.
ಖಾಲಿ ಡಬ್ಬಿಯನ್ನು ಹಾಳು ಮಾಡಿ ಬಿಸಾಡಬೇಕು.

ಹೇಳಿ ನೋಡೋಣ

1. ಎಂ.ಆರ್.ಪಿ. ಎಂದರೇನು? ಅದಕ್ಕಿಂತ ಕಡಿಮೆಗೆ ಮಾರಬಹುದೇ?
2. ನಿಮ್ಮ ಮನೆಯ ಗಾಡಿಗೆ ಯಾವ ಅಂಕಿಯ ಆಯಿಲ್ ಬೇಕು? ಪುಸ್ತಕ ನೋಡಿ ಚೀಟಿಯಲ್ಲಿ ಬರೆಯಿರಿ.
3. 800 ಮಿ.ಲೀ. ಡಬ್ಬಿಗೆ 336 ರೂಪಾಯಿ ಆದರೆ 100 ಮಿ.ಲೀ.ಗೆ ಎಷ್ಟು?
4. ಮನೆಯಲ್ಲಿರುವ ಯಾವುದಾದರೂ ಪೊಟ್ಟಣ ತನ್ನಿ. ತಯಾರಾದ ತಿಂಗಳು, ತೂಕ, ಬೆಲೆ ಎಲ್ಲಿದೆ ಎಂದು ಹುಡುಕಿ. ಪಕ್ಕದಲ್ಲಿ ಕುಳಿತ ಅಕ್ಕನಿಗೆ ಓದಿ ಹೇಳಿ.